ಎಸ್‌ಐ ಜಾಯಿಂಟ್ ನೋಡುವಾಗ ಹೆಬ್ಬೆರಳನ್ನು ಎಷ್ಟು ನಂಬಬೇಕು?

ಕೇಳಿದವರು, ಕಲಬುರಗಿ: ಫಿಸಿಯೊ ಆಗಿ ಇದು ಎರಡನೇ ವರ್ಷ. ಆಸ್ಟಿಯೋಪತಿ (ಎಲುಬು, ಕೀಲು, ಸ್ನಾಯುಗಳನ್ನು ಕೈಯಿಂದ ನೋಡಿ ಚಿಕಿತ್ಸೆ ಕೊಡುವ ಪದ್ಧತಿ) ವರ್ಕ್‌ಶಾಪ್‌ನಲ್ಲಿ ಎಸ್‌ಐ ಜಾಯಿಂಟ್, ಅಂದರೆ ಬೆನ್ನೆಲುಬಿನ ಬುಡ ಸೊಂಟದ ಎಲುಬಿಗೆ ಸೇರುವ ಕೀಲು, ಎಷ್ಟು ಆಡುತ್ತದೆ ಅಂತ ಕೈಯಿಂದ ನೋಡೋದು ಕಲಿಸಿದರು. ಒಬ್ಬರೇ ಪೇಶೆಂಟ್, ನನಗೆ ಎಡಗಡೆ ಬಿಗಿ ಅನಿಸಿತು, ಜೊತೆಗಿದ್ದವರಿಗೆ ಬಲಗಡೆ. ನೀವೆಲ್ಲ ಹೇಗೆ ನೋಡುತ್ತೀರಿ?

ಬೀದರ್‌ನಿಂದ: ಇದಕ್ಕೆ ತಲೆ ಕೆಡಿಸಿಕೊಳ್ಳಬೇಡ ತಮ್ಮಾ, ನಮಗೆಲ್ಲ ಆಗಿದೆ. 1989ರಲ್ಲಿ ಸ್ಟುರೆಸನ್ ತಂಡದವರು ಎಲುಬಿನೊಳಗೆ ಸಣ್ಣ ಲೋಹದ ಗುಂಡು ಕೂರಿಸಿ ಎಕ್ಸ್‌ರೇಯಲ್ಲಿ ಅಳೆದಾಗ ಆ ಕೀಲು ತಿರುಗಿದ್ದು ಸರಾಸರಿ 2.5 ಡಿಗ್ರಿ, ಜರುಗಿದ್ದು 0.7 ಮಿಲಿಮೀಟರ್. ಅದೂ ನೋವಿದ್ದ ಕಡೆ, ಇಲ್ಲದ ಕಡೆ ವ್ಯತ್ಯಾಸವೇ ಕಾಣಲಿಲ್ಲ. ಮೇಲೆ ಚರ್ಮ, ಕೊಬ್ಬು, ಸ್ನಾಯು ಇಟ್ಟುಕೊಂಡು ಇಷ್ಟನ್ನು ಹೆಬ್ಬೆರಳು ಹಿಡಿಯುತ್ತಾ?

ನಾನೂ ಏಮಾರಿದ್ದೇನೆ. ತೊಗರಿ ಕೊಯ್ದು ಟೊಂಕ ಹಿಡಿದುಕೊಂಡು ಬಂದ ಒಬ್ಬ ಅಕ್ಕನನ್ನು ನಿಲ್ಲಿಸಿ, ಟೊಂಕದ ಕುಳಿಯ ಹತ್ತಿರದ ಎಲುಬಿನ ಕೆಳಗೆ ಎರಡೂ ಹೆಬ್ಬೆರಳಿಟ್ಟು ಮುಂದೆ ಬಗ್ಗಿಸಿದೆ. ಎಡ ಹೆಬ್ಬೆರಳು ಮೊದಲು ಮೇಲೆ ಹೋಯಿತು. ಪುಸ್ತಕದ ಪ್ರಕಾರ ಎಡ ಬಿಗಿ. ಎರಡು ವಾರ ಎಡಕ್ಕೇ ಟ್ರೀಟ್‌ಮೆಂಟ್ ಕೊಟ್ಟೆ, ಪಾಪ, ನೋವು ಎಳ್ಳಷ್ಟೂ ಇಳಿಯಲಿಲ್ಲ. ಆಮೇಲೆ ಮಲಗಿಸಿ ಒಂದೊಂದೇ ಕಾಲು ಎತ್ತಿ ನೋಡಿದರೆ ಬಲತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಹಗ್ಗದಂತೆ ಬಿಗಿದಿತ್ತು. ಅದು ಬಲಗಡೆ ಎಲುಬನ್ನು ಕೆಳಗೆ ಹಿಡಿದಿದ್ದಕ್ಕೆ ಎಡದ್ದು ಮೇಲೆ ಹೋದಂತೆ ಕಂಡಿತ್ತು, ಅಷ್ಟೇ.

ಈಗ ಸ್ಟಾರ್ಕ್ ಟೆಸ್ಟ್ (ಒಂಟಿ ಕಾಲಲ್ಲಿ ನಿಲ್ಲಿಸಿ ಇನ್ನೊಂದು ಮೊಣಕಾಲು ಎತ್ತಿಸಿ ನೋಡೋದು), ಬಗ್ಗಿಸುವ ಟೆಸ್ಟ್ ಎರಡೂ ಮಾಡುತ್ತೇನೆ, ಆದರೆ ಅದರ ಮೇಲೆ ತೀರ್ಮಾನ ಮಾಡಲ್ಲ. ಆ ಕೀಲಿನ ಮೇಲೆ ಬೇರೆ ಬೇರೆ ರೀತಿ ಒತ್ತಡ ಹಾಕಿ ನೋವು ಎಬ್ಬಿಸುವ ಟೆಸ್ಟ್‌ಗಳೇ ವಾಸಿ: ಥೈ ಥ್ರಸ್ಟ್, ಡಿಸ್ಟ್ರಾಕ್ಷನ್, ಕಂಪ್ರೆಷನ್, ಸೇಕ್ರಲ್ ಥ್ರಸ್ಟ್, ಗೇನ್ಸ್ಲನ್. ಮೂರು ಅಥವಾ ಜಾಸ್ತಿ ಟೆಸ್ಟ್‌ನಲ್ಲಿ ಪೇಶೆಂಟ್ ಹೇಳುವ ಅದೇ ನೋವು ಬಂದರೆ ಮಾತ್ರ ಎಸ್‌ಐ ಮೇಲೆ ಅನುಮಾನ. ಸುಮ್ನೆ ಎಲ್ಲೋ ನೋಯ್ತು ಅಂದರೆ ಲೆಕ್ಕಕ್ಕಿಲ್ಲ.

ಯಾದಗಿರಿಯಿಂದ: ಸರ್ ಹೇಳಿದ್ದು ಖರೆ. ನಾನು ಮೊದಲು ಕೇಳೋದೇ "ಯವ್ವಾ, ಒಂದು ಬೆರಳಲ್ಲಿ ತೋರಿಸು" ಅಂತ. ಅಂಗೈ ಪೂರ್ತಿ ಟೊಂಕದ ಮೇಲೆ ಸವರಿದರೆ ಬೆನ್ನೆಲುಬಿನ ಕಡೆಯಿಂದ ಬಂದ ನೋವಾ ಅಂತಲೂ ನೋಡುತ್ತೇನೆ. ಕುಳಿಯ ಪಕ್ಕ ಸ್ವಲ್ಪ ಕೆಳಗೆ, ಒಂದೇ ಜಾಗಕ್ಕೆ ಎರಡು ಸಲ ಬೆರಳಿಟ್ಟರೆ ಎಸ್‌ಐ ಟೆಸ್ಟ್ ಶುರು. ಬಾಣಂತಿಯರಲ್ಲಿ ಇದು ಜಾಸ್ತಿ ಸಿಗುತ್ತದೆ.

ಕಲಬುರಗಿಯ ಇನ್ನೊಬ್ಬರು: ಒಂದು ಮಾತು ಸೇರಿಸಲಾ? ಇಪ್ಪತ್ತೈದರ ಹುಡುಗ, ಬೆಳಿಗ್ಗೆ ತಾಸುಗಟ್ಟಲೆ ಬಿಗಿತ, ಓಡಾಡಿದರೆ ಹಗುರ ಅಂದರೆ ಹೆಬ್ಬೆರಳು, ಥ್ರಸ್ಟ್ ಎಲ್ಲ ಬದಿಗಿಟ್ಟು ಮೊದಲು ವಾತರೋಗದ ಡಾಕ್ಟರ್ ಹತ್ತಿರ ಕಳಿಸಿ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನೆಲುಬಿನ ಕೀಲುಗಳು ಉರಿಯೂತದಿಂದ ಬಿಗಿಯುವ ವಾತರೋಗ, ಶುರುವಾಗೋದು ಸಾಮಾನ್ಯವಾಗಿ ಎಸ್‌ಐ ಜಾಯಿಂಟ್‌ನಿಂದಲೇ.

ಕೇಳಿದವರು: ಆಯ್ತು ಅಣ್ಣಾ. ನಾಳೆ ಅದೇ ಪೇಶೆಂಟ್ ಬರುತ್ತಾರೆ, ಮೊದಲು ಎರಡೂ ಕಾಲು ಒಂದೊಂದಾಗಿ ಎತ್ತಿ ನೋಡುತ್ತೇನೆ.