ಪದಚರ್ಚೆ: ‘ಲಾರ್ಗೋ, ಇ ಮೈನರ್’ ಕನ್ನಡದಲ್ಲಿ ಹೇಗೆ?

ಪ್ರಶ್ನೆ: ಯುರೋಪಿನ ಬರೋಕ್ ಕಾಲದ (ಸುಮಾರು 1600ರಿಂದ 1750) ಇಟಾಲಿಯನ್ ರಚನಕಾರ ವಿವಾಲ್ಡಿಯ ಸೆಲ್ಲೋ ಸೊನಾಟಾ (ಅವನ ಕೃತಿಪಟ್ಟಿಯಲ್ಲಿ ಆರ್‌ವಿ 40) ಕುರಿತ ಸಂಗೀತ ಕಚೇರಿಯ ಟಿಪ್ಪಣಿಯನ್ನು ಕನ್ನಡಕ್ಕೆ ತರಬೇಕಾಗಿದೆ. ಮೊದಲ ಭಾಗದ ತಲೆಯಲ್ಲಿ ‘ಲಾರ್ಗೋ, ಇ ಮೈನರ್’ ಎಂದಿದೆ; ಮೊದಲನೆಯದು ಲಯದ ಸೂಚನೆ, ಎರಡನೆಯದು ಕೀ, ಅಂದರೆ ಆಧಾರ ಸ್ವರ ಯಾವುದು, ಸ್ವರಗುಂಪು ಯಾವುದು ಎಂಬ ಸೂಚನೆ. ಅದರ ಕೆಳಗೆ ಭಾವದ ಬಗ್ಗೆ ಒಂದು ಸಾಲು ಬರಬೇಕು. ‘ವಿಳಂಬ ಕಾಲ, ಇ ಶ್ರುತಿ, ನಠಭೈರವಿ, ಶೋಕರಸ’ ಎಂದರೆ ನಮ್ಮ ಓದುಗರಿಗೆ ಬೇಗ ಹೊಳೆಯಬಹುದೇ? ‘ಮೂವ್‌ಮೆಂಟ್’ಗೆ ‘ಚಲನೆ’ ಆದೀತೇ?

ಉತ್ತರ: ಕೊನೆಯದು ಸುಲಭ. ‘ಚಲನೆ’ ಬೇಡ, ‘ಭಾಗ’ ಸಾಕು. ಉಳಿದ ನಾಲ್ಕು ಪದಗಳೂ ಪರಿಚಿತವೇ, ಆದರೆ ಓದುಗರನ್ನು ಈ ಕೃತಿಯಿಂದ ಬೇರೆ ಕಡೆಗೆ ಕರೆದೊಯ್ಯುತ್ತವೆ. ಶ್ರುತಿಯಿಂದಲೇ ಶುರು ಮಾಡೋಣ, ಹೆಚ್ಚು ಜನ ಎಡವುವುದು ಅಲ್ಲಿ.

ಶ್ರುತಿ ಎಂದರೆ ಆಧಾರ ಷಡ್ಜವನ್ನು ಎಲ್ಲಿಟ್ಟುಕೊಂಡಿದ್ದಾರೆ ಎಂಬ ಲೆಕ್ಕ. ಹಾಡುವವರು ಶಾರೀರಕ್ಕೆ ತಕ್ಕಂತೆ ಅದನ್ನು ಏರಿಸಬಹುದು, ಇಳಿಸಬಹುದು. ಹಾರ್ಮೋನಿಯಂ ಲೆಕ್ಕದಲ್ಲಿ ಇ ಎಂದರೆ ಬಿಳಿ ಮೂರು, ಅಂದರೆ ಮೂರನೆಯ ಬಿಳಿ ಮಣೆ. ಆದರೆ ಇಂದು ಬರೋಕ್ ವಾದ್ಯ ನುಡಿಸುವವರು ಸಾಮಾನ್ಯವಾಗಿ ಎ ಸ್ವರವನ್ನು 440 ಹರ್ಟ್ಸ್‌ನ ಬದಲು 415ಕ್ಕೆ ಕೂಡಿಸುತ್ತಾರೆ. ಆಗ ‘ಇ ಮೈನರ್’ ಎಂದು ಅಚ್ಚಾಗಿರುವ ಈ ಸೊನಾಟಾ ಕಿವಿಗೆ ಬೀಳುವುದು ಕಪ್ಪು ಎರಡರಲ್ಲಿ. ಹಳೆಯ ಫ್ರೆಂಚ್ ಕ್ರಮದಂತೆ 392ಕ್ಕೆ ಇಳಿಸಿದರೆ ಬಿಳಿ ಎರಡರಲ್ಲಿ. ಮೂರೂ ಕಡೆ ಅದು ಇ ಮೈನರೇ. ಬರಹವೂ ಬದಲಾಗದು, ಸೆಲ್ಲೋ ಮೇಲಿನ ಬೆರಳೂ ಬದಲಾಗದು. ಹಾಗಾಗಿ ‘ಶ್ರುತಿ’ ಪದವನ್ನು ಈ 415, 440ರ ಮಾತಿಗೆ ಮೀಸಲಿಡಿ. ಟಿಪ್ಪಣಿಯಲ್ಲಿ ಎಂದಾದರೂ ‘415ರ ಶ್ರುತಿಯಲ್ಲಿ ನುಡಿಸಿದ್ದಾರೆ’ ಎಂದು ಬರೆಯಬೇಕಾಗುತ್ತದೆ, ಆಗ ಈ ಪದ ಬೇಕೇ ಬೇಕು.

ಕೀ ಎನ್ನುವುದು ವಾದ್ಯದ ಮೈಗೂ ಅಂಟಿಕೊಂಡ ಸಂಗತಿ. ಸೆಲ್ಲೋದ ನಾಲ್ಕು ತಂತಿಗಳು ಸಿ, ಜಿ, ಡಿ, ಎ. ಇ ಸ್ವರ ಅವುಗಳಲ್ಲಿಲ್ಲ. ಇ ಮೈನರ್‌ನಲ್ಲಿ ಆಧಾರ ಸ್ವರವನ್ನು ಯಾವಾಗಲೂ ಬೆರಳೊತ್ತಿಯೇ ಹಿಡಿಯಬೇಕು: ಮೊದಲ ಸ್ಥಾನದಲ್ಲಿ ಸಿ ತಂತಿಯ ಮೇಲೆ ಮೂರನೆಯ ಬೆರಳು, ಡಿ ತಂತಿಯ ಮೇಲೆ ಮೊದಲ ಬೆರಳು. ಬಿಟ್ಟ ತಂತಿಯ ತುಂಬು ನಾದ ಆ ಸ್ವರಕ್ಕೆ ಸಿಗುವುದಿಲ್ಲ, ಹಾಗಾಗಿ ದನಿ ಸ್ವಲ್ಪ ಮುಸುಕಾಗಿಯೇ ಬರುತ್ತದೆ. ಸಂಗೀತ ಜಿ ಮೇಜರ್ ಕಡೆಗೆ ಹೊರಳಿದರೆ ಜಿ, ಡಿ ಎರಡೂ ಬಿಟ್ಟ ತಂತಿಗಳಾಗಿ ಒದಗುತ್ತವೆ, ನಾದ ತೆರೆದುಕೊಳ್ಳುತ್ತದೆ. ‘ಇ’ಯನ್ನು ಬರೀ ಎತ್ತರ ಎಂದು ಓದಿದರೆ ಇದೆಲ್ಲ ಕೈತಪ್ಪುತ್ತದೆ.

ನಠಭೈರವಿ ಅರ್ಧ ಸರಿ. ಇ ಮೈನರ್‌ನ ಮೂಲ ಸ್ವರಗಳನ್ನು ಜೋಡಿಸಿದರೆ 20ನೆಯ ಮೇಳ, ಅಂದರೆ ನಠಭೈರವಿ ರಾಗವೇ ಸಿಗುತ್ತದೆ. ತೊಡಕಿರುವುದು ಧೈವತ, ನಿಷಾದಗಳಲ್ಲಿ. ಮೇಲಿನ ಷಡ್ಜಕ್ಕೆ ಹತ್ತುವಾಗ ಎರಡೂ ಏರುವುದು ವಾಡಿಕೆ: ಸಿ ಶಾರ್ಪ್, ಡಿ ಶಾರ್ಪ್, ಅದು ಗೌರಿಮನೋಹರಿ. ಇಳಿಯುವಾಗ ಡಿ, ಸಿ; ಅಲ್ಲಿ ನಠಭೈರವಿ. ಪಂಚಮದ ಮೇಲೆ ಸ್ವರಮೇಳ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಕಟ್ಟುವಾಗ ಡಿ ಶಾರ್ಪ್ ಬೇಕು, ಪಕ್ಕದಲ್ಲೇ ಸಿ ಹಾಗೇ ಉಳಿದಿರಬಹುದು; ಆಗ ಕೀರವಾಣಿ. ಮೂರೂ ಕೆಲವೇ ಅಳತೆಗಳೊಳಗೆ (ಬರಹದಲ್ಲಿ ಗೆರೆ ಎಳೆದು ತೋರಿಸುವ, ನಿಗದಿತ ಏಟುಗಳ ತುಂಡುಗಳು, ‘ಬಾರ್’) ಬಂದುಹೋಗಬಹುದು. ಒಂದೇ ರಾಗದ ಹೆಸರು ಕೊಟ್ಟರೆ ನಮ್ಮ ಕೇಳುಗರು ಉಳಿದವನ್ನು ಅನ್ಯಸ್ವರ ಎಂದು ತಿಳಿಯುತ್ತಾರೆ. ಸಂಗೀತ ಜಿ ಮೇಜರ್‌ಗೆ ಹೋದಾಗ ಆಗುವುದು ಗ್ರಹಭೇದ: ನಠಭೈರವಿಯ ಗಾಂಧಾರ ಷಡ್ಜವಾಗಿ ಶಂಕರಾಭರಣ ಹುಟ್ಟುತ್ತದೆ. ತಂಬೂರಿ ಹಿಂದಿದ್ದರೆ ಅದು ಬರೀ ನೆರಳಾಗುತ್ತಿತ್ತು. ಇಲ್ಲಿ ಕೆಳಗೆ ನುಡಿಯುವ ಮಂದ್ರ ಸ್ವರಗಳ ಸಾಲೂ ಜೊತೆಯಲ್ಲೇ ಸರಿಯುವುದರಿಂದ ನೆಲೆ ನಿಜವಾಗಿಯೇ ಬದಲಾಗುತ್ತದೆ.

ಆದ್ದರಿಂದ ‘ಇ ಮೈನರ್’ ಎಂದೇ ಇಡಿ. ವಿವರಣೆ ಬೇಕಿದ್ದರೆ ಒಮ್ಮೆ ಮಾತ್ರ ‘ಇ ಷಡ್ಜವಾಗಿರುವ, ಸಾಧಾರಣ ಗಾಂಧಾರದ ಸ್ವರಗುಂಪು’ ಎನ್ನಿ. ಮೇಜರ್‌ಗೆ ಅಂತರ ಗಾಂಧಾರ. ಯಂತ್ರಾನುವಾದ ‘ಮೈನರ್’ ಅನ್ನು ‘ಅಪ್ರಾಪ್ತ’ ಎಂದು ಮಾಡಿಟ್ಟೀತು, ಅಚ್ಚಿಗೆ ಮುನ್ನ ಹುಡುಕಿ ತೆಗೆಯಿರಿ.

ಲಾರ್ಗೋ. ಇಟಾಲಿಯನ್ನಿನಲ್ಲಿ ಇದರ ಅರ್ಥ ಅಗಲ, ವಿಶಾಲ. ನಿಧಾನ ಎಂಬುದು ಅದರಿಂದ ಬಂದದ್ದು. ಲಯ ತೋರಿಸುವ ಯಂತ್ರವಾದ ಮೆಟ್ರೊನೋಮ್ ಮೇಲೆ ಲಾರ್ಗೋಗೆ ನಿಮಿಷಕ್ಕೆ 40ರಿಂದ 60 ಏಟು ಎಂದು ಗುರುತಿರುತ್ತದೆ, ಆದರೆ ಮೆಲ್ಜೆಲ್ ಆ ಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು 1815ರಲ್ಲಿ. ವಿವಾಲ್ಡಿಯ ಆರು ಸೆಲ್ಲೋ ಸೊನಾಟಾಗಳು ಪ್ಯಾರಿಸ್‌ನಲ್ಲಿ ಅಚ್ಚಾದದ್ದು 1740ರ ಸುಮಾರಿಗೆ. ಅದಕ್ಕೂ ಮೊದಲು, 1683ರಲ್ಲಿ, ಇಂಗ್ಲಿಷ್ ರಚನಕಾರ ಪರ್ಸೆಲ್ ತನ್ನ ಸೊನಾಟಾಗಳ ಮುನ್ನುಡಿಯಲ್ಲಿ ಅಡಾಜಿಯೋ ಮತ್ತು ಗ್ರಾವೆ ತೀರ ನಿಧಾನ, ಲಾರ್ಗೋ ಮಧ್ಯಮ ಎಂದು ವಿವರಿಸಿದ್ದಾನೆ! ಈ ಪದ ಎಲ್ಲೆಡೆ ಒಂದೇ ವೇಗಕ್ಕೆ ನಿಂತಿರಲಿಲ್ಲ.

‘ವಿಳಂಬ’ ಎಂದರೆ ಧಾರವಾಡದ ಕಡೆಯ ಕೇಳುಗರಿಗೆ ನೆನಪಾಗುವುದು ಹಿಂದೂಸ್ತಾನಿಯ ನಿಧಾನ ಗಾಯನ, ಬಡಾ ಖ್ಯಾಲು. ಅತಿ ವಿಳಂಬದ ಏಕತಾಲದಲ್ಲಿ ಒಂದು ಆವರ್ತನಕ್ಕೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ಇಲ್ಲಿ ನಿಮಿಷಕ್ಕೆ 50 ಏಟು ಇಟ್ಟುಕೊಂಡರೂ ನಾಲ್ಕು ಏಟಿನ ಒಂದು ಅಳತೆ ಐದು ಸೆಕೆಂಡಿನೊಳಗೆ ಮುಗಿಯುತ್ತದೆ. ಅದಕ್ಕಿಂತ ತೀರ ಎಳೆದರೆ ಜೊತೆಗೆ ನುಡಿಯುವ ಹಾರ್ಪ್ಸಿಕಾರ್ಡ್ (ಮಣೆ ಒತ್ತಿದಾಗ ತಂತಿ ಮೀಟುವ ವಾದ್ಯ) ಕೆಟ್ಟದಾಗಿ ಕೇಳುತ್ತದೆ: ಮೀಟಿದ ತಂತಿಯ ನಾದ ಬೇಗ ಆರುತ್ತದೆ, ಮುಂದಿನ ಸ್ವರಮೇಳ ಬರುವಷ್ಟರಲ್ಲಿ ಕೆಳಗೆ ಬರಿದಾಗಿರುತ್ತದೆ. ಬರೋಕ್ ಕಮಾನಿನ ತುದಿಯೂ ಹಗುರ. ಉದ್ದ ಸ್ವರದ ಕೊನೆಗೆ ದನಿ ತೆಳುವಾಗುವುದು ಅದರ ಸ್ವಭಾವ. ‘ಲಾರ್ಗೋ (ವಿಶಾಲವಾದ, ನಿಧಾನ ಲಯ)’ ಎಂದು ಬರೆಯಿರಿ. ‘ನಡೆ’, ‘ಗತಿ’ ಎರಡನ್ನೂ ಬಿಡಿ, ನಮ್ಮವರು ತಿಶ್ರವೋ ಚತುರಶ್ರವೋ ಎಂದು ಕೇಳುತ್ತಾರೆ. ಮೂರನೆಯ ಭಾಗಕ್ಕೂ ಲಾರ್ಗೋ ಎಂದೇ ಇದೆ. ಅಲ್ಲೂ ಇದೇ ಪದ ಇರಲಿ.

‘ಶೋಕರಸ’ ಎಂಬುದು ನಮ್ಮ ಶಾಸ್ತ್ರದ ಪ್ರಕಾರವೇ ನಿಲ್ಲುವುದಿಲ್ಲ: ಶೋಕ ಸ್ಥಾಯಿಭಾವ, ರಸ ಕರುಣ. ಬರೋಕ್‌ನವರ ‘ಅಫೆಕ್ಟ್’ ಒಂದು ಭಾಗದುದ್ದಕ್ಕೂ ನೆಲೆಸುವ ಒಂದು ಭಾವ, ಹಾಗಾಗಿ ‘ಸ್ಥಾಯಿಭಾವ’ ಹತ್ತಿರದ್ದು. ಆದರೆ ಸಂಗೀತದ ಬರಹದಲ್ಲಿ ‘ಸ್ಥಾಯಿ’ ಎಂದೊಡನೆ ಮಂದ್ರ, ತಾರಗಳು ಕಣ್ಣಮುಂದೆ ಬರುತ್ತವೆ. ‘ಭಾವ’ ಎಂದಷ್ಟೇ ಇಡುವುದು ಮೇಲು.

ಯಾವ ಭಾವ ಎಂಬುದಕ್ಕೆ ಆ ಕಾಲದವರ ಮಾತೇ ಇದೆ, ಅದೂ ಒಮ್ಮತದ್ದಲ್ಲ. ಫ್ರೆಂಚ್ ರಚನಕಾರ ಶಾರ್ಪಾಂಟಿಯೆ ಇ ಮೈನರನ್ನು ಕೋಮಲ, ಪ್ರಣಯದ, ಅಳಲಿನ ಕೀ ಎಂದ. ಹ್ಯಾಂಬರ್ಗಿನ ಸಂಗೀತಶಾಸ್ತ್ರಜ್ಞ ಮ್ಯಾಥೆಸನ್ 1713ರಲ್ಲಿ ಅದು ಆಳವಾದ ಚಿಂತೆಯದ್ದು, ದುಃಖದ್ದು, ಆದರೂ ಸಮಾಧಾನದ ನಿರೀಕ್ಷೆ ಉಳಿದಿರುತ್ತದೆ ಎಂದ. ಈ ಲಾರ್ಗೋಗೆ ನನ್ನ ಮತ ಮ್ಯಾಥೆಸನ್ ಕಡೆಗೆ. ಅವನು ಮತ್ತೂ ಒಂದು ಮಾತು ಸೇರಿಸುತ್ತಾನೆ: ಇ ಮೈನರ್‌ನಲ್ಲಿ ವೇಗದ ಸಂಗೀತ ರಚಿಸಬಹುದು, ವೇಗವಿದ್ದ ಮಾತ್ರಕ್ಕೆ ಅದು ಉಲ್ಲಾಸದ್ದಾಗದು. ಎರಡನೆಯ ಭಾಗದ ‘ಅಲ್ಲೆಗ್ರೋ’ಗೆ ನಿಘಂಟಿನ ಅರ್ಥ ಉಲ್ಲಾಸ. ಅಲ್ಲಿ ‘ದ್ರುತ ಲಯ’ ಎಂದು ಬರೆಯಿರಿ, ‘ಉಲ್ಲಾಸದಿಂದ’ ಎಂದು ಸೇರಿಸಬೇಡಿ.