ವಿಶ್ವಕಪ್ ಫೈನಲ್ ನಡುರಾತ್ರಿ, ಅದೂ ಜುಲೈ ಮಳೆಯಲ್ಲಿ: ಊರಲ್ಲಿ ತೋರಿಸಿದವರು ಯಾರಾದರೂ ಇದ್ದೀರಾ?

ಕೊಡಗಿನ ಪೊನ್ನಂಪೇಟೆ ಕಡೆಯಿಂದ ಪ್ರಶ್ನೆ

ನಮ್ಮ ಊರಲ್ಲಿ ಆಟ ಅಂದರೆ ಹಾಕಿ. ಈ ಸಲ ಮಾತ್ರ ಸಂಘದ ಹುಡುಗರು ಫುಟ್‌ಬಾಲ್ ವಿಶ್ವಕಪ್ ಫೈನಲ್ ಅನ್ನು ಎಲ್ಲರೂ ಒಟ್ಟಿಗೆ ನೋಡಲೇಬೇಕು ಅಂತ ಹಟ ಹಿಡಿದಿದ್ದಾರೆ. ಪಂದ್ಯ ಅಮೆರಿಕದ ನ್ಯೂಜೆರ್ಸಿಯಲ್ಲಿ, 2026ರ ಜುಲೈ 19ರ ಮಧ್ಯಾಹ್ನ 3ಕ್ಕೆ. ನಮಗೆ ಅದು ಭಾನುವಾರ ರಾತ್ರಿ ಕಳೆದು 12.30. ಸಮುದಾಯ ಭವನ ಇದೆ, ಪ್ರೊಜೆಕ್ಟರ್ ಬಾಡಿಗೆಗೆ ಸಿಗುತ್ತದೆ, 60 ಜನ ಆಗಬಹುದು. ಚಿಂತೆ ಇರುವುದು ಮಳೆ ಮತ್ತು ಕರೆಂಟಿನದ್ದು. ಮೊದಲು ಮಾಡಿದವರು ಎಲ್ಲೆಲ್ಲಿ ಎಡವಿದಿರಿ, ಮುಚ್ಚುಮರೆ ಇಲ್ಲದೆ ಹೇಳಿ.

ಸುಂಟಿಕೊಪ್ಪದಿಂದ

2022ರಲ್ಲಿ ನಾವು ಕಾಫಿ ಕಣದಲ್ಲೇ ಪರದೆ ಕಟ್ಟಿದ್ದೆವು. ಡಿಸೆಂಬರ್ 18, ರಾತ್ರಿ 8.30ಕ್ಕೆ ಶುರು, ಆಕಾಶದಲ್ಲಿ ಒಂದು ಮೋಡ ಇಲ್ಲ. ಒಣಗಲು ಹಾಕಿದ್ದ ಹಣ್ಣನ್ನು ಒಂದು ಮೂಲೆಗೆ ರಾಶಿ ಮಾಡಿ ಟಾರ್ಪಾಲ್ ಮುಚ್ಚಿದೆವು, ಜಾಗ ಆಯಿತು. ಫ್ರಾನ್ಸ್ ಎದುರು ಅರ್ಜೆಂಟೀನಾ 2-0 ಮುಂದೆ ಇತ್ತು. ಮುಗಿಯಿತು ಅಂತ ಅರ್ಧ ಜನ ಎದ್ದು ಊಟದ ಸಾಲಿಗೆ ಹೋದರು. 80ನೇ ನಿಮಿಷಕ್ಕೆ ಫ್ರಾನ್ಸಿನ ಎಂಬಾಪೆ ಪೆನಾಲ್ಟಿ ಗೋಲು, 81ಕ್ಕೆ ಇನ್ನೊಂದು ಗೋಲು. ತಟ್ಟೆ ಹಿಡಿದುಕೊಂಡೇ ಓಡಿ ಬಂದವರಿಗೆ ಎರಡೂ ಸಿಗಲಿಲ್ಲ. ನಮ್ಮ ದೊಡ್ಡಪ್ಪ ಇವತ್ತಿಗೂ ಆ ಸಾರನ್ನು ಬೈಯುತ್ತಾರೆ. ಕೊನೆಗೆ 3-3, ಪೆನಾಲ್ಟಿ ಶೂಟೌಟಿನಲ್ಲಿ ಅರ್ಜೆಂಟೀನಾ 4-2. ಅಷ್ಟು ಹೊತ್ತಿಗೆ ಇಬ್ಬನಿ ಬಿದ್ದು ಪರದೆಯ ಕೆಳಗಿನ ಅಂಚು ಒದ್ದೆ.

ಆದರೆ ಇದನ್ನು ನೋಡಿ ನೀವು ಜುಲೈಯಲ್ಲಿ ಕಣಕ್ಕೆ ಇಳಿಯಬೇಡಿ! ಭವನವೇ ಸರಿ. ಅದರ ಮಾಡು ಶೀಟಿನದ್ದಾ, ಕಾಂಕ್ರೀಟಾ? ಶೀಟಾದರೆ ಜೋರು ಮಳೆಗೆ ಕಾಮೆಂಟ್ರಿ ಒಂದಕ್ಷರ ಕೇಳಿಸುವುದಿಲ್ಲ. ಪಕ್ಕದವನ ಕಿವಿಗೆ ಬಾಯಿಟ್ಟು ಮಾತಾಡಬೇಕು. ಹಾಗಂತ ಸ್ಪೀಕರ್ ಹೊರಗೆ ಇಡಬೇಡಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ಬಾಗಿಲು ಹಾಕಿ ಒಳಗೇ ಇಡಿ, ಠಾಣೆಗೂ ಮೊದಲೇ ಒಂದು ಮಾತು ಹೇಳಿಡಿ.

ವಿರಾಜಪೇಟೆಯಿಂದ

ನನ್ನದು 2014ರ ಕಥೆ. ಆಗಲೂ ಜುಲೈ, ಆಗಲೂ ನಮಗೆ 12.30ಕ್ಕೇ ಶುರು. ಕರೆಂಟ್ ಹೋಗುತ್ತದೆ ಅಂತ ಗೊತ್ತಿತ್ತು, ಹೋಯಿತು ಕೂಡ, ಎಲ್ಲೋ ಲೈನ್ ಮೇಲೆ ಮರ ಬಿದ್ದಿರಬೇಕು. ಜನರೇಟರ್ ಸಿದ್ಧ ಇತ್ತು. ಹುಡುಗ ಅದನ್ನು ಎಳೆದು ಚಾಲೂ ಮಾಡಲು ಒಂದು ನಿಮಿಷ. ಸೆಟ್ ಟಾಪ್ ಬಾಕ್ಸ್ ಮತ್ತೆ ಎದ್ದು, ಸುತ್ತಿ ಸುತ್ತಿ ಚಾನೆಲ್ ಹಿಡಿಯಲು ಮೂರು ನಿಮಿಷ. ಪ್ರೊಜೆಕ್ಟರಿನ ದೀಪ ಬಿಸಿ ಇದ್ದುದರಿಂದ ಅದು ತಣಿಯುವವರೆಗೆ ಹತ್ತಲೇ ಇಲ್ಲ. ಹಾಗಾಗಿ ಬಾಕ್ಸು, ಪ್ರೊಜೆಕ್ಟರು ಎರಡನ್ನೂ ಕಂಪ್ಯೂಟರಿಗೆ ಇಡುತ್ತಾರಲ್ಲ, ಆ ಯುಪಿಎಸ್‌ಗೆ ಸಿಕ್ಕಿಸಿ. ಜನರೇಟರ್ ಎಳೆಯುವ ತನಕ ಅದು ತಡೆದುಕೊಂಡರೆ ಸಾಕು.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. 90 ನಿಮಿಷದ ಲೆಕ್ಕ ಹಾಕಿ ಡೀಸೆಲ್ ತಂದಿದ್ದೆವು. ಜರ್ಮನಿ, ಅರ್ಜೆಂಟೀನಾ ಎರಡೂ ಗೋಲು ಹೊಡೆಯದೆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಜನರೇಟರ್ ಕೆಮ್ಮಿ ಕೆಮ್ಮಿ ನಿಂತಿತು. 113ನೇ ನಿಮಿಷದಲ್ಲಿ ಜರ್ಮನಿಯ ಗೋಟ್ಸೆ ಹೊಡೆದ ಗೋಲನ್ನು ನಾವು 40 ಜನ ಕತ್ತಲಲ್ಲಿ, ಒಂದು ಮೊಬೈಲ್‌ನಲ್ಲಿ ಬಂದ ಮೆಸೇಜ್ ಓದಿ ತಿಳಿದುಕೊಂಡೆವು. ಆಮೇಲೆ ಯೋಚಿಸಿದೆ, 2006, 2010, 2014, 2022, ಈ ನಾಲ್ಕು ಫೈನಲ್ಲೂ 90 ನಿಮಿಷಕ್ಕೆ ಮುಗಿದಿಲ್ಲ. ಮಧ್ಯೆ 2018ರದ್ದು ಮಾತ್ರ ಫ್ರಾನ್ಸ್ 4-2ರಿಂದ ಕ್ರೊವೇಷಿಯಾವನ್ನು ಸೋಲಿಸಿ ಹೊತ್ತಿಗೆ ಸರಿಯಾಗಿ ಮುಗಿಸಿತು. ಹಾಗಾಗಿ ಡೀಸೆಲ್ ಬೆಳಗಿನ ಜಾವ 3.30ರ ಲೆಕ್ಕಕ್ಕೆ ತನ್ನಿ. ಉಳಿದರೆ ಏನು ನಷ್ಟ, ಸ್ಪ್ರೇಯರಿಗೋ ಟಿಲ್ಲರಿಗೋ ಆಗುತ್ತದೆ. (ಸ್ಪ್ರೇಯರ್ ಪೆಟ್ರೋಲಿನದ್ದಾದರೆ ಹಾಕಿಬಿಡಬೇಡಿ ಮತ್ತೆ.)

ಮೂರ್ನಾಡಿನಿಂದ

ಡಿಶ್ ಒಂದನ್ನೇ ನಂಬಬೇಡಿ. ಮಳೆ ದಪ್ಪವಾದರೆ ಸಿಗ್ನಲ್ ಇಲ್ಲ ಅಂತ ನೀಲಿ ಪರದೆ. ಮೊಬೈಲ್ ನೆಟ್ ಕೂಡ ಗ್ಯಾರಂಟಿ ಅಲ್ಲ, ಮಧ್ಯಾಹ್ನದಿಂದ ಕರೆಂಟ್ ಇಲ್ಲದಿದ್ದರೆ ರಾತ್ರಿಗೆ ಟವರಿನ ಬ್ಯಾಟರಿಯೂ ಖಾಲಿ. ಎರಡನ್ನೂ ಸಿದ್ಧ ಇಡಿ. ನೆಟ್‌ನಲ್ಲಿ ನೋಡುವುದಾದರೆ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ. ಪಕ್ಕದ ಮನೆಯಲ್ಲಿ ಡಿಶ್ ಇದ್ದರೆ ಅವರು ಕಿರುಚಿದ ಮೇಲೆ ನಿಮಗೆ ಗೋಲು. ಅವರನ್ನೂ ಭವನಕ್ಕೇ ಕರೆದುಬಿಡಿ.

ಸಿದ್ದಾಪುರದಿಂದ

ಎಲ್ಲರೂ ಕರೆಂಟಿನದ್ದೇ ಹೇಳಿದಿರಿ, ಆನೆಯದ್ದು ಯಾರೂ ಹೇಳಲಿಲ್ಲ. ಬೇಗ ಮುಗಿದರೂ 2.30. ಆ ಹೊತ್ತಿಗೆ ತೋಟದ ದಾರಿಯಲ್ಲಿ ಬೈಕ್ ಬೇಡವೇ ಬೇಡ. ಮಳೆ ಸದ್ದಿಗೆ ಆನೆ ಬಿದಿರು ಮುರಿಯುವುದೂ ಕೇಳಿಸುವುದಿಲ್ಲ. ನಮ್ಮ ಲೈನ್‌ಮನೆ (ತೋಟದ ಕೆಲಸದವರ ಸಾಲುಮನೆ) ಹುಡುಗರಿಬ್ಬರು ಒಮ್ಮೆ ಸೆಮಿಫೈನಲ್ ನೋಡಿ ಬರುವಾಗ ತಿರುವಿನಲ್ಲಿ ಆನೆ ಎದುರು ಸಿಕ್ಕು, ಬೈಕ್ ಅಲ್ಲೇ ಬಿಟ್ಟು ವಾಪಸ್ ಓಡಿ ಬಂದರು. ಬೆಳಿಗ್ಗೆ ನೋಡಿದರೆ ಸೀಟಿನ ಮೇಲೆ ಜಿಗಣೆ, ಬೈಕಿಗೆ ಒಂದು ಗೀರೂ ಇಲ್ಲ. ಪ್ರತಿ ಸಲ ಹಾಗೆ ಆಗುವುದಿಲ್ಲ. ಚಾಪೆ, ಕಂಬಳಿ ತರಲು ಹೇಳಿ. ಬೆಳಕು ಹರಿಯುವ ತನಕ ಯಾರನ್ನೂ ಹೊರಗೆ ಬಿಡಬೇಡಿ.

ಗೋಣಿಕೊಪ್ಪದಿಂದ

ನಾನು ಒಬ್ಬಳು ಹೆಂಗಸು ಹೇಳುತ್ತೇನೆ, ಬೇಜಾರಾಗಬೇಡಿ. ನಾಟಿ ಕೆಲಸ ಮಾಡಿ ಬಂದವರನ್ನು ನಡುರಾತ್ರಿ ಒಲೆ ಮುಂದೆ ಕೂರಿಸಬೇಡಿ. ನಮಗೂ ಮ್ಯಾಚ್ ನೋಡಬೇಕು. ಊಟ 10ಕ್ಕೇ ಮುಗಿಸಿ. ಅಕ್ಕಿ ರೊಟ್ಟಿ, ಕೋಳಿ ಸಾರು ಸಾಕು. ಪಂದಿ (ಹಂದಿ) ಕರಿ ಬೇಕೇ ಬೇಕು ಅನ್ನುವವರು ಮನೆಯಲ್ಲಿ ಮಾಡಿಕೊಳ್ಳಲಿ, ಫುಟ್‌ಬಾಲ್ ನೋಡಲು ಬರುವವರಲ್ಲಿ ತಿನ್ನದವರು ಜಾಸ್ತಿ ಇರುತ್ತಾರೆ. ಬೆಲ್ಲದ ಕಾಫಿಯನ್ನು ಎರಡು ದೊಡ್ಡ ಫ್ಲಾಸ್ಕಿಗೆ ತುಂಬಿಡಿ, ಬೇಕಾದವರು ಬಗ್ಗಿಸಿಕೊಳ್ಳಲಿ. ಮತ್ತೆ, ಮಕ್ಕಳಿಗೆ ಸೋಮವಾರ ಮಳೆ ರಜೆ ಸಿಗುತ್ತದೆ ಅಂತ ಈಗಲೇ ಆಸೆ ಹುಟ್ಟಿಸಬೇಡಿ. ರಜೆ ಇರುವ ದಿನ ಬಿಸಿಲು ಬರುತ್ತದೆ, ಗೊತ್ತಲ್ವಾ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಭವನದ ಮಾಡು ಶೀಟಿನದ್ದೇ, ಇವತ್ತು ಹೋಗಿ ನೋಡಿ ಬಂದೆ. ಡೀಸೆಲ್ ಎರಡು ಕ್ಯಾನ್ ತರುತ್ತೇವೆ. ಯುಪಿಎಸ್ ಗ್ರಂಥಾಲಯದ ಕಂಪ್ಯೂಟರಿನದ್ದು ಒಂದು ರಾತ್ರಿಗೆ ಸಿಗಬಹುದು, ಕೇಳಿದ್ದೇನೆ. ಅಕ್ಕ, ಒಲೆ 10ಕ್ಕೇ ಆರಿಸುತ್ತೇವೆ. ಕಾಫಿ ಸೋಸುವುದು ಹುಡುಗರ ಕೆಲಸ ಅಂತ ತೀರ್ಮಾನ ಆಗಿದೆ. ಚಾಪೆಗೆ ಮನೆ ಮನೆಗೆ ಹೇಳಿ ಕಳಿಸಿದ್ದೇನೆ. ದೊಡ್ಡ ಫ್ಲಾಸ್ಕ್ ಇರುವವರು ಪೊನ್ನಂಪೇಟೆ ಹತ್ತಿರ ಯಾರಾದರೂ ಇದ್ದರೆ ತಿಳಿಸಿ, ನಮ್ಮಲ್ಲಿ ಇರುವುದು ಒಂದೇ, ಅದೂ ಮುಚ್ಚಳ ಸಡಿಲ.