ಶುಗರ್ ಇರೋ ಅವ್ವ ಬರಿಗಾಲಲ್ಲೇ ಶ್ರೀಶೈಲಕ್ಕ ನಡೀತೀನಂತಾಳ, ಏನ್ ಮಾಡ್ಲಿ?

ಸಿಂಧನೂರಾವ:
ಎಲ್ಲರಿಗೂ ಶರಣು. ಯುಗಾದಿಗೆ ನಮ್ಮೂರ ತಂಡ ಶ್ರೀಶೈಲಕ್ಕ ಪಾದಯಾತ್ರಿ ಹೊರಡ್ತೈತಿ. ಅವ್ವಗ 58 ವಯಸ್ಸು, ಹನ್ನೊಂದು ವರ್ಷದಿಂದ ಶುಗರ್, ಜೊತಿಗೆ ಬಿಪಿ. ತಂಗಿ ಹೆರಿಗಿ ಸುಸೂತ್ರ ಆದ್ರ ಬರಿಗಾಲಲ್ಲಿ ಬರ್ತೀನಂತ ಮಲ್ಲಯ್ಯಗ ಹರಕಿ ಹೊತ್ತಾಳ. ಕೂಸಿಗೆ ಈಗ ಏಳು ತಿಂಗಳು, ಯಾರ ಮಾತೂ ಕೇಳವಲ್ಲಳು. ನನಗ ಕಾಡಿಂದೇ ಚಿಂತಿ: ಹಾವು, ಚೇಳು, ಚಿರತಿ. ಏನೇನು ಕೊಟ್ಟು ಕಳಿಸ್ಲಿ?

ಮಸ್ಕಿ ಮಾಸ್ತರ:
ತಮ್ಮಾ, ಒಂಬತ್ತು ಸಲ ನಡದೀನಿ, ಚಿರತಿ ಒಮ್ಮೆನೂ ಕಂಡಿಲ್ಲ. ನನ್ನ ಬೆರಳು ತಿಂದದ್ದು ಡಾಂಬರ್ ರೋಡು.

ನನಗೂ ಶುಗರ್. ಆತ್ಮಕೂರು ದಾಟಿದಾಗ ಮಧ್ಯಾಹ್ನ ಎರಡು ಗಂಟಿ, ರೋಡು ರೊಟ್ಟಿ ಹಂಚಿನಂಗ ಕಾದಿತ್ತು. ಉಳಿದವರು ಹಾ ಹೂ ಅಂತ ಮಣ್ಣಿಗಿಳಿದು ನಡೀತಿದ್ರ ನಾನು ಆರಾಮ್ ನಡುರಸ್ತಿಯಾಗ! ಮಲ್ಲಯ್ಯನೇ ಕೈ ಹಿಡಿದಾನ ಅನ್ಕೊಂಡೆ. ರಾತ್ರಿ ವೆಂಕಟಾಪುರದಾಗ ಮಲಗಿದ್ರ ಬಾಜು ಇದ್ದ ಹುಡುಗ 'ಸರ್, ಚಾಪಿಗೆ ರಕ್ತ' ಅಂದ. ಹೆಬ್ಬೆರಳ ಕೆಳಗ ಗುಳ್ಳಿ ಒಡದು ತೊಗಲು ಸುಲಿದಿತ್ತು, ಅದರಾಗೊಂದು ಜಾಲಿಮುಳ್ಳು. ಮುಟ್ಟಿದ್ರ ನೋವೇ ಇಲ್ಲ. ಅರಿಷಿಣ ಮೆತ್ತಿಕೊಂಡು ಮತ್ತ ನಡದೆ: ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸ ಬಾಗಿಲು. ಊರಿಗೆ ಬಂದ ಹದಿನೈದು ದಿನಕ್ಕ ಬೆರಳು ತಗದ್ರು.

ಕೊಪ್ಪಳದ ನರ್ಸಕ್ಕ:
ಇವತ್ತೇ ಒಂದು ಪರೀಕ್ಷೆ ಮಾಡ್ರಿ. ಅವ್ವಗ ಕಣ್ಣು ಮುಚ್ಚಾಕ ಹೇಳಿ, ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿ ಹಗೂರ್ಕ ಮುಟ್ರಿ, ಒತ್ತಬ್ಯಾಡ್ರಿ. ಆರರಾಗ ಎರಡು ಗೊತ್ತಾಗ್ಲಿಲ್ಲಂದ್ರ ಕಾಲಿನ ಸ್ಪರ್ಶ ಹೋಗೈತಿ ಅಂತ ಲೆಕ್ಕ. ಡಾಕ್ಟರಿಗೆ ಕಾಲು ತೋರಿಸದ ಕಳಿಸಲೇಬ್ಯಾಡ್ರಿ. ಕಳಿಸಿದ್ರೂ ಹತ್ತಿ ಸಾಕ್ಸು, ರೂಢಿ ಆಗಿರೋ ಮೆತ್ತನ ಬೂಟು ಬೇಕು, ಹೊಸಾವು ಕಚ್ತಾವ. ದಿನಾ ರಾತ್ರಿ ಯಾರಾದ್ರೂ ಬ್ಯಾಟರಿ ಬಿಟ್ಟು ಅಂಗಾಲು ನೋಡಬೇಕು.

ಗುಳಿಗಿ ಚೀಟಿನೂ ಡಾಕ್ಟರಿಗೆ ತೋರಿಸ್ರಿ. ಗ್ಲಿಮೆಪಿರೈಡ್ ಅನ್ನೋ ಶುಗರ್ ಗುಳಿಗಿ ನುಂಗಿ ಊಟ ತಪ್ಪಿಸಿ ನಡದ್ರ ಶುಗರ್ ದಬಕ್ಕನ ಇಳಿತೈತಿ. ನಡುಕ, ತಣ್ಣನ ಬೆವರು ಬಂದ್ರ ಮೂರು ಚಮಚ ಸಕ್ಕರಿ ನೀರಾಗ ಕೊಡ್ರಿ. ಬಿಪಿ ಗುಳಿಗಿಯೊಳಗ ಉಚ್ಚಿ ಹೋಗಿಸೋ ಔಷಧ ಸೇರಿದ್ರ ಬಿಸಿಲಾಗ ಮೈನೀರು ಜಲ್ದಿ ಆರ್ತೈತಿ. ಭೇದಿ ಹಿಡಿದ್ರ ಓಆರ್‌ಎಸ್, ದೊಡ್ಡ ಪಾಕೀಟು ಪೂರಾ ಒಂದು ಲೀಟರಿಗೆ. ಮಂದಿ ಗ್ಲಾಸಿಗೆ ಚಿಟಿಕಿ ಚಿಟಿಕಿ ಹಾಕ್ಕೊಂಡು ಕುಡೀತಾರ, ಅದು ತಪ್ಪು. ಬಿಸಿಲಿಗೆ ಮಾತು ತೊದಲಿದ್ರ, ಅಸಂಬದ್ಧ ಮಾತಾಡಿದ್ರ ಬಾಯಿಗೆ ನೀರು ಹಾಕಬ್ಯಾಡ್ರಿ. ನೆರಳಿಗೆ ಒಯ್ದು ಮೈಮ್ಯಾಲೆ ನೀರು ಸುರುವಿ, ಗಾಳಿ ಬೀಸಿ, 108ಕ್ಕ ಫೋನ್ ಮಾಡ್ರಿ.

ಸಿಂಧನೂರಾವ:
ಈಗಷ್ಟೇ ಪರೀಕ್ಷೆ ಮಾಡಿದೆ ಅಕ್ಕಾ. ಮೂರು ತಪ್ಪಿದ್ಲು. 'ಮುಟ್ಟೋದಿದ್ರ ಮುಟ್ಟು, ಎಷ್ಟೊತ್ತು ಹಿಂಗ ಕುಂದರ್ಲಿ' ಅಂತ ಬೈದ್ಲು. ನನ್ನ ಬೆರಳು ಆಕಿ ಕಿರುಬೆರಳ ಮ್ಯಾಲೇ ಇತ್ತು. ಡಾಕ್ಟರ್ ಕಡಿ ಬರ್ತೀನಿ ಅಂದಾಳ, ಆದ್ರ ಚಪ್ಪಲಿ ಮಾತೆತ್ತಿದ್ರ ಹರಕಿ ಮುರೀತೈತಿ ಅಂತಾಳ.

ಮಸ್ಕಿ ಮಾಸ್ತರ:
ನಿಮ್ಮೂರ ಅಯ್ನೋರ ಬಾಯಿಂದ ಹೇಳಿಸು, ಮಗನ ಮಾತು ನಡಿಯಂಗಿಲ್ಲ. ಭ್ರಮರಾಂಬ ನಮ್ಮ ಕನ್ನಡ ಸೀಮಿ ಮಗಳು, ಮಲ್ಲಯ್ಯ ನಮ್ಮ ಅಳಿಯ ಅಲ್ಲೇನು? ಅತ್ತಿ ಬೂಟ್ ಹಾಕ್ಕೊಂಡು ಬಂದ್ಲಂತ ಅಳಿಯ ಬಾಗಲ ಹಾಕ್ಕೋತಾನೇನು?

ಸಿಂಧನೂರಾವ:
ಅಯ್ನೋರಿಗಿಂತ ಮೊದ್ಲು ನಿಮ್ಮ ಮಾತೇ ಓದಿ ಹೇಳಿದೆ ಸರ್. ನಗಲಿಲ್ಲ. ಆದ್ರ ಈಗ ಅಂಗಳದಾಗ ತಂಗಿ ಹಳೇ ಬೂಟ್ ಹಾಕ್ಕೊಂಡು, ಸೀರಿ ಎತ್ತಿ ಹಿಡ್ಕೊಂಡು ಅಡ್ಡಾಡಾಕತ್ತಾಳ.